ಗಣಿಗಿಳಿದ ವಿದ್ವಾಂಸ: ಜಾನ್ ಸ್ಕಾಟ್ ಹಾಲ್ಡೇನ್

ಗಣಿಯಲ್ಲಿ ದುಡಿಯುವವನಿಗೆ ಬೇಕಾದ ಮೊದಲನೆಯ ವಿದ್ಯೆಯೆಂದರೆ ಸಂಜೆ ಜೀವಸಹಿತನಾಗಿ ಮನೆಗೆ ಮರಳುವ ವಿದ್ಯೆ. ಇದನ್ನು ಅವನಿಗೆ ಕಲಿಸತಕ್ಕವರು ಯಾರು? ಗಣಿಯ ಒಡೆಯನಿಗೆ ಗಣಿ ಗೊತ್ತು, ಶಾಸ್ತ್ರ ಗೊತ್ತಿಲ್ಲ. ವಿಶ್ವವಿದ್ಯಾನಿಲಯದ ಪಂಡಿತನಿಗೆ ಶಾಸ್ತ್ರ ಗೊತ್ತು, ಗಣಿ ಗೊತ್ತಿಲ್ಲ. ಇಬ್ಬರೂ ತಂತಮ್ಮ ಪೀಠಗಳಲ್ಲಿಯೇ ಕುಳಿತಿದ್ದಷ್ಟು ಕಾಲ ನೆಲದಡಿಯ ಕತ್ತಲೆಯಲ್ಲಿ ಸಾಯುವವರು ಸಾಯುತ್ತಲೇ ಇದ್ದರು. ಈ ಇಬ್ಬರ ನಡುವಣ ಗೋಡೆಯನ್ನು ಒಡೆದು, ಉದ್ಯಮದ ಧನವನ್ನೂ ವಿಶ್ವವಿದ್ಯಾನಿಲಯದ ಜ್ಞಾನವನ್ನೂ ಕಾರ್ಮಿಕನ ಪ್ರಾಣರಕ್ಷಣೆಯೆಂಬ ಒಂದೇ ಕಾರ್ಯದಲ್ಲಿ ತೊಡಗಿಸಿದ ಮಹನೀಯರಲ್ಲಿ ಜಾನ್ ಸ್ಕಾಟ್ ಹಾಲ್ಡೇನರು ಅಗ್ರಗಣ್ಯರು. ಇಂದು ಇಂಜಿನಿಯರಿಂಗ್ ವಿದ್ಯಾಸಂಸ್ಥೆಗಳಲ್ಲಿ ಸುರಕ್ಷತೆಯೆಂಬುದು ಪಠ್ಯವಿಷಯವಾಗಿ ನೆಲೆನಿಂತಿರುವುದರ ಹಿಂದೆ ಇಂತಹವರ ಬಾಳಿನ ಸಾಧನೆಯಿದೆ.

ಹಾಲ್ಡೇನರು ಜನಿಸಿದ್ದು 1860ನೆಯ ಇಸವಿಯ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಮನೆತನ ಪ್ರತಿಷ್ಠಿತವಾದುದು. ಅವರ ಅಣ್ಣ ರಿಚರ್ಡ್ ಬರ್ಡನ್ ಹಾಲ್ಡೇನರು ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಗಳೂ ಲಾರ್ಡ್ ಚಾನ್ಸಲರೂ ಆದರು. ಕಿರಿಯರಾದ ಜಾನ್ ರಾಜಕೀಯದ ಕಡೆ ಮುಖಮಾಡದೆ 1884ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದರು. ವೈದ್ಯರಾದವರು ರೋಗಿಯ ಮಂಚದ ಬಳಿಗೆ ಹೋಗುವುದು ಲೋಕರೂಢಿ. ಹಾಲ್ಡೇನರಾದರೋ ಮನುಷ್ಯನು ರೋಗಿಯಾಗುವುದಕ್ಕೆ ಮುಂಚೆ ಎಲ್ಲಿರುತ್ತಾನೆ, ಎಂತಹ ಗಾಳಿಯನ್ನು ಸೇವಿಸುತ್ತಾನೆ ಎಂಬುದನ್ನು ಅರಿಯಲು ಹೊರಟರು. ಡಂಡೀ ನಗರದ ಕಾಲೇಜಿನಲ್ಲಿ ಕಾರ್ನೆಲಿ ಎಂಬ ರಸಾಯನಶಾಸ್ತ್ರಜ್ಞರೊಡನೆ ಸೇರಿ ಅವರು ಮಾಡಿದ ಮೊದಲನೆಯ ದೊಡ್ಡ ಕೆಲಸ ಬಡವರ ಮನೆಗಳ ಮತ್ತು ಶಾಲಾಕೊಠಡಿಗಳ ವಾಯುವಿನ ಪರೀಕ್ಷೆ. ಕಿಕ್ಕಿರಿದ ಒಂದೇ ಕೋಣೆಯ ಮನೆಗಳಿಗೂ ಕಿಟಕಿ ಮುಚ್ಚಿದ ತರಗತಿಗಳಿಗೂ ಹೊಕ್ಕು, ಗಾಳಿಯನ್ನು ಸೀಸೆಗಳಲ್ಲಿ ಹಿಡಿದು ತಂದು, ಅದರೊಳಗಿನ ಇಂಗಾಲಾಮ್ಲವನ್ನೂ ಸೂಕ್ಷ್ಮಜೀವಿಗಳನ್ನೂ ಲೆಕ್ಕಹಾಕಿ 1887ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು, ಮಕ್ಕಳು ಕುಳಿತು ಕಲಿಯುವ ಕೊಠಡಿಯ ಗಾಳಿಯೂ ಶಿಕ್ಷಣದ ಒಂದು ಅಂಗವೆಂಬುದನ್ನು ತೋರಿಸಿಕೊಟ್ಟಿತು.

ಅನಂತರ ಅವರು ಆಕ್ಸ್‌ಫರ್ಡಿಗೆ ಬಂದರು. ಅಲ್ಲಿ ಅವರ ಸೋದರಮಾವನಾದ ಜಾನ್ ಬರ್ಡನ್ ಸ್ಯಾಂಡರ್ಸನ್ನರು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ಪ್ರಯೋಗಶಾಲೆಯಲ್ಲಿ ಹಾಲ್ಡೇನರ ಗಮನವನ್ನು ಸೆಳೆದುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿರುವಾಗಲೇ ಮನುಷ್ಯನು ಉಸಿರಿಲ್ಲದವನಂತೆ ಸಾಯುತ್ತಾನೆ. ಹಾಲ್ಡೇನರು ಇದರ ಪರಿಣಾಮವನ್ನು ಅರಿಯುವುದಕ್ಕಾಗಿ ಪರರನ್ನು ಗಂಡಾಂತರಕ್ಕೆ ಒಡ್ಡಲಿಲ್ಲ. ತಾವೇ ಆ ಅನಿಲವನ್ನು ಅಳೆದು ಗಾಳಿಯಲ್ಲಿ ಬೆರೆಸಿ ಸೇವಿಸಿದರು. ತಮ್ಮ ರಕ್ತದ ಅರ್ಧದಷ್ಟು ವಿಷದಿಂದ ತುಂಬುವವರೆಗೂ ಪ್ರಯೋಗವನ್ನು ಮುಂದುವರಿಸಿ, ನಡಿಗೆ ತಪ್ಪುವುದು, ದೃಷ್ಟಿ ಮಸುಳುವುದು, ಬುದ್ಧಿ ಮಂಕಾಗುವುದು, ಇವೆಲ್ಲವನ್ನೂ ಕ್ರಮವಾಗಿ ಬರೆದಿಟ್ಟರು. ಈ ವಿಷಯದ ಪ್ರಬಂಧವು ಬೆಳಕು ಕಂಡದ್ದು 1895ರಲ್ಲಿ.

ಪ್ರಯೋಗಶಾಲೆಯ ಈ ಜ್ಞಾನಕ್ಕೆ ಲೋಕದ ಕರೆ ಬರಲು ತಡವಾಗಲಿಲ್ಲ. 1896ರ ಜನವರಿ 27ರಂದು ದಕ್ಷಿಣ ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಅಸುನೀಗಿದರು. ಸ್ಫೋಟದಲ್ಲಿ ಸತ್ತವರು ಅದರ ಹೊಡೆತಕ್ಕೆ ಸಿಕ್ಕಿ ಸತ್ತರೆಂಬುದು ಸಾಮಾನ್ಯ ನಂಬಿಕೆಯಾಗಿತ್ತು. ಹಾಲ್ಡೇನರು ಅಲ್ಲಿಗೆ ಹೋಗಿ ಮೃತದೇಹಗಳನ್ನು ಪರೀಕ್ಷಿಸಿದಾಗ ಬಹುಮಂದಿಯ ಮೈಯಲ್ಲಿ ಮಾರಣಾಂತಿಕ ಗಾಯಗಳೇ ಇರಲಿಲ್ಲ. ಅವರ ಚರ್ಮವು ಜೀವಂತರದಕ್ಕಿಂತಲೂ ಕೆಂಪಾಗಿತ್ತು. ಆ ಕೆಂಪು ಕಾರ್ಬನ್ ಮಾನಾಕ್ಸೈಡಿನ ಗುರುತು. ಸ್ಫೋಟದಲ್ಲಿ ಬದುಕಿ ಉಳಿದವರು, ಸ್ಫೋಟಾನಂತರ ಸುರಂಗಗಳಲ್ಲಿ ಹರಡಿದ ವಿಷಾನಿಲವನ್ನು ಸೇವಿಸಿ ಹೊರದಾರಿಯನ್ನು ಅರಸುತ್ತ ಬಿದ್ದಿದ್ದರು. ಎಂದಮೇಲೆ ಅವರಲ್ಲಿ ಅನೇಕರನ್ನು ಉಳಿಸುವ ಅವಕಾಶ ಇದ್ದಿತೆಂದಾಯಿತು. ಅದೇ ವರ್ಷ ಸರ್ಕಾರಕ್ಕೆ ಅವರು ಒಪ್ಪಿಸಿದ ವರದಿಯ ಸಾರ ಇದೇ. ಸಾವಿಗೆ ನಿಜವಾದ ಕಾರಣವನ್ನು ಕಂಡುಹಿಡಿದಲ್ಲಿ ಮಾತ್ರ ಬದುಕಿಸುವ ಉಪಾಯವೂ ಹೊಳೆಯುತ್ತದೆ.

ಉಪಾಯವಾದರೂ ಎಂತಹುದು? ಗಣಿಗಾರನು ಅಂದಿನವರೆಗೂ ತನ್ನ ದೀಪವನ್ನೇ ನಂಬಿದ್ದನು. ಗಾಳಿಯಲ್ಲಿ ಆಮ್ಲಜನಕವು ಶೇಕಡ 17ರ ಆಸುಪಾಸಿಗೆ ಇಳಿದರೆ ದೀಪ ನಂದುತ್ತದೆ. ಆಗಲೂ ಮನುಷ್ಯನು ಬದುಕಿರಬಲ್ಲನು. ಕಾರ್ಬನ್ ಮಾನಾಕ್ಸೈಡ್ ಇದ್ದಲ್ಲಿಯಾದರೋ ದೀಪವು ಸೊಗಸಾಗಿ ಉರಿಯುತ್ತಲೇ ಇರುತ್ತದೆ. ಮನುಷ್ಯನು ಬಿದ್ದು ಸಾಯುತ್ತಾನೆ. ದೀಪವನ್ನು ನಂಬಿ ಮುನ್ನುಗ್ಗಿದ ರಕ್ಷಕರೇ ಎಷ್ಟೋ ಕಡೆ ಹೆಣವಾಗಿದ್ದರು. ಸಣ್ಣ ಪ್ರಾಣಿಗಳ ಉಸಿರಾಟವೂ ರಕ್ತಸಂಚಾರವೂ ಮನುಷ್ಯನಿಗಿಂತ ಹಲವು ಪಟ್ಟು ವೇಗವಾದ್ದರಿಂದ ವಿಷವು ಅವುಗಳನ್ನು ಬೇಗನೆ ಮುಟ್ಟುತ್ತದೆಂಬುದನ್ನು ಹಾಲ್ಡೇನರು ಪ್ರಯೋಗದಿಂದ ಅರಿತಿದ್ದರು. ಇಲಿಮರಿಯನ್ನೋ ಸಣ್ಣ ಹಕ್ಕಿಯನ್ನೋ ಒಯ್ದರೆ ಅದು ತತ್ತರಿಸುವುದನ್ನು ಕಂಡು ಮನುಷ್ಯನು ಹಿಂದಿರುಗಬಹುದೆಂದು ಅವರು ಸೂಚಿಸಿದರು. ಅಂದಿನಿಂದ ಕೆನರಿ ಹಕ್ಕಿಯು ಗಣಿರಕ್ಷಕರ ಸಂಗಾತಿಯಾಯಿತು. ಬ್ರಿಟನ್ನಿನ ಗಣಿಗಳಲ್ಲಿ ವಿದ್ಯುನ್ಮಾನ ಸಾಧನಗಳು ಅದರ ಸ್ಥಾನವನ್ನು ಪಡೆಯಲಾರಂಭಿಸಿದ್ದು 1986ರಲ್ಲಿ. ಪಾಂಡಿತ್ಯದ ಹೊರೆಯನ್ನೆಲ್ಲ ಇಳಿಸಿ, ಅಕ್ಷರ ಬಾರದವನೂ ಕಣ್ಣಿಂದ ಓದಬಹುದಾದ ಒಂದು ಪಾಠವನ್ನಾಗಿ ಅದನ್ನು ಮಾಡಿಕೊಟ್ಟುದು ಹಾಲ್ಡೇನರ ದೊಡ್ಡತನ.

ಅವರು ಪಾಠ ಹೇಳುತ್ತಿದ್ದ ಬಗೆಯೂ ಹೀಗೆಯೇ ಪ್ರತ್ಯಕ್ಷಪ್ರಮಾಣವನ್ನು ಅವಲಂಬಿಸಿತ್ತು. ಅವರ ಮಗ ಜೆ. ಬಿ. ಎಸ್. ಹಾಲ್ಡೇನರು ಬಾಲಕರಾಗಿದ್ದಾಗ ತಂದೆ ಅವರನ್ನು ಸ್ಟ್ಯಾಫರ್ಡ್‌ಷೈರಿನ ಒಂದು ಗಣಿಗೆ ಕರೆದೊಯ್ದಿದ್ದರು. ಚಾವಣಿಯ ಬಳಿ ಮೀಥೇನ್ ಅನಿಲ ಸೇರಿದ್ದ ಒಂದು ಎಡೆಯಲ್ಲಿ ಎದ್ದು ನಿಂತು, ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಿಂದ ಮಾರ್ಕ್ ಆಂಟನಿಯ ಭಾಷಣವನ್ನು ಒಪ್ಪಿಸುವಂತೆ ಹುಡುಗನಿಗೆ ಹೇಳಿದರು. ಕೆಲವು ಸಾಲುಗಳಾಗುವಷ್ಟರಲ್ಲಿ ಹುಡುಗನಿಗೆ ಏದುಸಿರು ಬಂದು ಕಾಲು ಕುಸಿಯಿತು. ನೆಲಕ್ಕೆ ಬಿದ್ದೊಡನೆ ಅಲ್ಲಿಯ ಗಾಳಿ ಚೆನ್ನಾಗಿದ್ದುದರಿಂದ ಚೇತರಿಸಿಕೊಂಡನು. ಮೀಥೇನ್ ಗಾಳಿಗಿಂತ ಹಗುರವೆಂಬ ಸಂಗತಿಯನ್ನು ಅವನು ಜೀವಮಾನದಲ್ಲಿ ಮರೆಯಲಿಲ್ಲ. ಈ ವಿಧಾನವನ್ನು ಇಂದಿನ ಉಪಾಧ್ಯಾಯರು ಅನುಸರಿಸಬೇಕೆಂದು ಯಾರೂ ಹೇಳಲಾರರು. ಆದರೆ ಕಂಡು ಕಲಿತುದು ಕೇಳಿ ಕಲಿತುದಕ್ಕಿಂತ ಬಾಳುತ್ತದೆಂಬ ತತ್ತ್ವವನ್ನು ಅಲ್ಲಗಳೆಯುವವರೂ ಇಲ್ಲ.

ಕಲ್ಲಿದ್ದಲಿನ ಗಣಿಗಳಿಗೆ ಮಾತ್ರ ಅವರ ಸೇವೆ ಸೀಮಿತವಾಗಲಿಲ್ಲ. ಕಾರ್ನ್‌ವಾಲ್ ಪ್ರಾಂತದ ಡಾಲ್‌ಕೋತ್ ತವರದ ಗಣಿಯಲ್ಲಿ ಕೆಲಸಗಾರರು ರಕ್ತಹೀನರಾಗಿ ಬಿಳಿಚಿಕೊಳ್ಳುತ್ತಿದ್ದರು. ಗಾಳಿಯ ದೋಷವೇ ಇದಕ್ಕೆ ಕಾರಣವೆಂಬ ಭಾವನೆ ಇದ್ದಿತು. 1902ರಲ್ಲಿ ಹಾಲ್ಡೇನರು ಪರೀಕ್ಷಿಸಿ ಕೊಕ್ಕೆಹುಳುವಿನ ಬಾಧೆಯೇ ನಿಜವಾದ ಕಾರಣವೆಂದು ಸಿದ್ಧಪಡಿಸಿದರು. ಗಾಳಿಯ ವಿದ್ವಾಂಸರಾಗಿದ್ದೂ ಎಲ್ಲ ದೋಷವನ್ನೂ ಗಾಳಿಯ ಮೇಲೆಯೇ ಹೊರಿಸದೆ, ಗಣಿಯೊಳಗಿನ ಶೌಚವ್ಯವಸ್ಥೆಯನ್ನು ಸರಿಪಡಿಸಬೇಕೆಂದು ವಿಧಿಸಿದರು. ಅದೇ ಗಣಿಗಳಲ್ಲಿ ಯಂತ್ರದಿಂದ ಬಂಡೆ ಕೊರೆಯುವವರು ಶ್ವಾಸಕೋಶ ಕೆಟ್ಟು ಅಕಾಲದಲ್ಲಿ ಸಾಯುತ್ತಿದ್ದುದಕ್ಕೆ ಕಲ್ಲಿನ ಸಣ್ಣ ಧೂಳು ಕಾರಣವೆಂದೂ, ಕೊರೆಯುವಾಗ ನೀರು ಸಿಂಪಡಿಸಿ ಧೂಳನ್ನು ಅಡಗಿಸಬೇಕೆಂದೂ ತಿಳಿಸಿದರು. ಆಳವಾದ ಗಣಿಗಳ ಬೇಗೆಯಲ್ಲಿ ಮನುಷ್ಯನು ಎಷ್ಟರ ಮಟ್ಟಿಗೆ ದುಡಿಯಬಲ್ಲನೆಂಬುದನ್ನೂ ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. ಒಣ ಉಷ್ಣಮಾಪಕವು ತೋರುವ ಅಂಕೆಗಿಂತ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವು ತೋರುವ ಅಂಕೆಯೇ ಮುಖ್ಯವೆಂದು 1905ರಲ್ಲಿ ಅವರು ನಿರೂಪಿಸಿದರು. ನಿಶ್ಚಲವಾದ ಗಾಳಿಯಲ್ಲಿ ಆ ಅಂಕೆಯು ಸುಮಾರು 31 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಬೆವರು ಆರದೆ ದೇಹದ ಕಾವು ಏರತೊಡಗುತ್ತದೆ.

ಉದ್ಯಮಿಗಳ ಔದಾರ್ಯವು ವಿಜ್ಞಾನಕ್ಕೆ ಹೇಗೆ ನೆರವಾಗಬಲ್ಲುದೆಂಬುದಕ್ಕೆ ಅವರ ಜೀವನದಲ್ಲಿಯೇ ಒಂದು ಉತ್ತಮ ನಿದರ್ಶನವುಂಟು. ಸಮುದ್ರದಾಳದಿಂದ ಬೇಗನೆ ಮೇಲೇರುವ ಮುಳುಗುಗಾರರ ರಕ್ತದಲ್ಲಿ ಸಾರಜನಕವು ಗುಳ್ಳೆಗಟ್ಟಿ ಅಂಗವೈಕಲ್ಯವೋ ಮರಣವೋ ಒದಗುತ್ತಿತ್ತು. ರಸಾಯನೋದ್ಯಮಿಗಳಾದ ಲುಡ್‌ವಿಗ್ ಮಾಂಡರು ಲಂಡನ್ನಿನ ಲಿಸ್ಟರ್ ಸಂಸ್ಥೆಗೆ ಉಕ್ಕಿನ ದೊಡ್ಡ ಒತ್ತಡ ಕೋಶವೊಂದನ್ನು ದಾನವಾಗಿ ಕೊಟ್ಟರು. ಅದರೊಳಗೆ ಆಡುಗಳ ಮೇಲೆ ಪ್ರಯೋಗ ನಡೆಸಿ, ಬಾಯ್‌ಕಾಟ್ ಮತ್ತು ಡಾಮಂಟ್ ಎಂಬ ಸಹಕಾರಿಗಳೊಡನೆ ಹಾಲ್ಡೇನರು, ಮೇಲೇರುವಾಗ ಯಾವ ಯಾವ ಆಳದಲ್ಲಿ ಎಷ್ಟೆಷ್ಟು ಹೊತ್ತು ನಿಲ್ಲಬೇಕೆಂಬ ಕೋಷ್ಟಕಗಳನ್ನು ರಚಿಸಿ 1908ರಲ್ಲಿ ಪ್ರಕಟಿಸಿದರು. ಮುಂದೆ ಪ್ರಪಂಚದ ನೌಕಾದಳಗಳು ಬಳಸಿದ ಕೋಷ್ಟಕಗಳೆಲ್ಲಕ್ಕೂ ಇವೇ ಮೂಲ. ಮಾಂಡರು ಕೊಟ್ಟುದು ಒಂದು ಉಕ್ಕಿನ ಪಾತ್ರೆ. ಅದರಿಂದ ಹೊರಟುದು ಅಸಂಖ್ಯಾತರ ಪ್ರಾಣ.

ಹಾಲ್ಡೇನರ ಬಾಳಿನ ಬಹುಮುಖ್ಯ ಅಧ್ಯಾಯವು ಪ್ರಾರಂಭವಾದುದು 1912ರಲ್ಲಿ. ಯಾರ್ಕ್‌ಷೈರಿನ ಡಾನ್‌ಕಾಸ್ಟರ್ ಪ್ರದೇಶದಲ್ಲಿ, ಇದ್ದಲನ್ನು ತೆಗೆದು ಬರಿದಾಗಿಸಿದ ಎಡೆಗಳಲ್ಲಿ ಉಳಿದ ಚೂರುಗಳು ತಮ್ಮಷ್ಟಕ್ಕೆ ತಾವೇ ಕಾದು ಹೊತ್ತಿಕೊಳ್ಳುತ್ತಿದ್ದುವು. ಅದೇ ವರ್ಷದ ಜುಲೈ 9ರಂದು ಆ ಪ್ರದೇಶದ ಕೇಡ್‌ಬಿ ಗಣಿಯಲ್ಲಿ ಇಂತಹ ಬೆಂಕಿಯಿಂದ ಸ್ಫೋಟವಾಯಿತು. ರಕ್ಷಣೆಗೆಂದು ಇಳಿದವರು ಎರಡನೆಯ ಸ್ಫೋಟಕ್ಕೆ ಸಿಕ್ಕಿದರು. ಒಟ್ಟು 80ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಸರ್ಕಾರದ ಗಣಿ ತನಿಖಾಧಿಕಾರಿಗಳು ಮೂವರು. ಗಣಿಮಾಲೀಕರು ಒಟ್ಟುಗೂಡಿ ತಮ್ಮ ಹಣದಿಂದ ಬೆಂಟ್ಲಿ ಗಣಿಯ ಬಳಿ ಸಂಶೋಧನಾಲಯವೊಂದನ್ನು ಕಟ್ಟಿಸಿ ಹಾಲ್ಡೇನರನ್ನು ಅದರ ನಿರ್ದೇಶಕರನ್ನಾಗಿ ಆಹ್ವಾನಿಸಿದರು. ಆಕ್ಸ್‌ಫರ್ಡಿನ ವಿದ್ವಾಂಸರೊಬ್ಬರು ಗಣಿಯ ಬಾಗಿಲಿನಲ್ಲಿ ತಮ್ಮ ಪೀಠವನ್ನು ಹೂಡಿದರು.

ಅಲ್ಲಿ ನಡೆದ ಕೆಲಸದ ಫಲವಾಗಿ, ಇದ್ದಲು ಗಾಳಿಯ ಆಮ್ಲಜನಕವನ್ನು ಹೀರಿ ಕಾಯುವುದೇ ಈ ಬೆಂಕಿಗೆ ಮುಖ್ಯ ಕಾರಣವೆಂಬುದು ನಿಚ್ಚಳವಾಯಿತು. ಹಾಲ್ಡೇನರ ಸಹೋದ್ಯೋಗಿಗಳಾದ ಐವನ್ ಗ್ರಹಾಮರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಣಿಯನ್ನು ಸುತ್ತಿ ಹೊರಬರುವ ಗಾಳಿಯಲ್ಲಿ ಎಷ್ಟು ಆಮ್ಲಜನಕ ಕಡಮೆಯಾಗಿದೆ, ಎಷ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟಿದೆ ಎಂಬೆರಡನ್ನೂ ಅಳೆದು ಅವುಗಳ ಪ್ರಮಾಣವನ್ನು ದಿನದಿನವೂ ಗುರುತಿಸುತ್ತ ಬಂದರೆ, ಹೊಗೆಯಾಗಲಿ ವಾಸನೆಯಾಗಲಿ ಕಾಣಿಸುವುದಕ್ಕೆ ಮುನ್ನವೇ ಒಳಗಣ ಕಾವು ಏರುತ್ತಿರುವುದು ತಿಳಿಯುತ್ತದೆ. ಗ್ರಹಾಮರ ಪ್ರಮಾಣವೆಂದು ಪ್ರಸಿದ್ಧವಾದ ಈ ಲೆಕ್ಕವನ್ನು ಭಾರತವೂ ಸೇರಿದಂತೆ ನಾನಾ ದೇಶಗಳ ಗಣಿವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಗಣಿಯ ಬಳಿಯ ಒಂದು ಪ್ರಯೋಗಶಾಲೆಯಲ್ಲಿ ಹುಟ್ಟಿದ ತಿಳಿವಳಿಕೆಯು ಪಠ್ಯಪುಸ್ತಕವಾದ ಬಗೆ ಇದು.

1921ರಲ್ಲಿ ಈ ಸಂಶೋಧನಾಲಯವು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯಕ್ಕೆ ವರ್ಗವಾಯಿತು. ಅದಕ್ಕಿಂತ ಉಚಿತವಾದ ನೆಲೆ ಬೇರೊಂದಿರಲಿಲ್ಲ. 1900ರಲ್ಲಿ ಸನ್ನದನ್ನು ಪಡೆದ ಆ ವಿಶ್ವವಿದ್ಯಾನಿಲಯವು ಕೈಗಾರಿಕೆಯ ನಾಡಿನ ನಡುವೆ ಬೆಳೆದುದು. ಗಣಿಶಾಸ್ತ್ರಕ್ಕೆ ಅಲ್ಲಿ ಪ್ರತ್ಯೇಕ ಪೀಠವಿತ್ತು. ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಆವರಣದ ನೆಲದಡಿಯಲ್ಲಿಯೇ ಮಾದರಿ ಗಣಿಯೊಂದನ್ನು ಕಟ್ಟಿಸಿದ್ದರು. ಆ ಪೀಠದ ಮೊದಲ ಪ್ರಾಧ್ಯಾಪಕರಾಗಿದ್ದ ರಿಚರ್ಡ್ ರೆಡ್‌ಮೇನರು 1908ರಲ್ಲಿ ಗಣಿಗಳ ಪ್ರಧಾನ ತನಿಖಾಧಿಕಾರಿಗಳಾಗಿ ಸರ್ಕಾರಕ್ಕೆ ಹೋದರು. ಅವರ ತರುವಾಯದ ಪ್ರಾಧ್ಯಾಪಕರಾದ ಜಾನ್ ಕ್ಯಾಡ್‌ಮನ್ನರು ಮುಂದೆ ಆಂಗ್ಲೋ-ಪರ್ಷಿಯನ್ ತೈಲ ಕಂಪೆನಿಯ ಅಧ್ಯಕ್ಷರಾದರು. ಪೀಠದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಪೀಠಕ್ಕೆ ಹೋಗಿಬರುವ ದಾರಿ ಅಲ್ಲಿ ತೆರೆದಿತ್ತು. ಹಾಲ್ಡೇನರು ಗೌರವ ಪ್ರಾಧ್ಯಾಪಕರಾಗಿದ್ದುಕೊಂಡು ಸಂಶೋಧನೆಯನ್ನೂ ಬೋಧನೆಯನ್ನೂ ಬೆಸೆದರು. ಗಣಿ ಇಂಜಿನಿಯರರಾದರೋ ವೈದ್ಯಪದವೀಧರರಾದ ಅವರನ್ನೇ ತಮ್ಮ ಸಂಸ್ಥೆಯ ಅಧ್ಯಕ್ಷರನ್ನಾಗಿ 1924ರಿಂದ 1928ರವರೆಗೆ ಆರಿಸಿಕೊಂಡರು.

ಇಂತಹ ಸಹಯೋಗಕ್ಕೆ ತನ್ನದೇ ಆದ ಒಂದು ಕಷ್ಟವುಂಟು. ಹಣ ಕೊಡುವವನು ಮಾಲೀಕ; ಪ್ರಾಣ ಕೊಡುವವನು ಕಾರ್ಮಿಕ. ಇವರ ನಡುವೆ ನಿಂತ ವಿದ್ವಾಂಸನು ಯಾರ ಕಡೆಯವನು? ಹಾಲ್ಡೇನರ ಸತ್ಯನಿಷ್ಠೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಾರ್ಮಿಕರೊಡನೆ ಕೂಡಿ ತೆವಳಿದವರು, ಅವರ ಗಾಳಿಯನ್ನೇ ಉಂಡವರು ಅವರು. ಆದರೂ ಒಂದು ವಿಷಯದಲ್ಲಿ ಅವರ ತೀರ್ಮಾನ ತಪ್ಪಾಯಿತು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಸಾರಿದ ಅವರೇ, ಇದ್ದಲಿನ ಧೂಳು ನಿರಪಾಯಕರವೆಂದು ನಂಬಿದರು. ಅವರ ಮಾತಿಗಿದ್ದ ತೂಕದಿಂದಾಗಿ ಆ ನಂಬಿಕೆಯು ಬಹುಕಾಲ ನಿಂತಿತು. ಅವರು ಗತಿಸಿದ ಮರುವರ್ಷ, 1937ರಲ್ಲಿ, ದಕ್ಷಿಣ ವೇಲ್ಸಿನಲ್ಲಿ ಪ್ರಾರಂಭವಾದ ವೈದ್ಯಕೀಯ ಪರಿಶೋಧನೆಯು ಇದ್ದಲಿನ ಧೂಳೂ ಪುಪ್ಪುಸಗಳನ್ನು ಕೆಡಿಸುತ್ತದೆಂದು ತೋರಿಸಿತು. 1943ರಲ್ಲಿ ಆ ರೋಗಕ್ಕೆ ಪರಿಹಾರ ಕೊಡುವ ವ್ಯವಸ್ಥೆ ಜಾರಿಗೆ ಬಂದಿತು. ನಡುವಣ ವರ್ಷಗಳಲ್ಲಿ ಕೆಮ್ಮುತ್ತ ಕೊರಗಿದವರಿಗೆ ಆ ವಿಳಂಬದ ಬೆಲೆ ತಿಳಿದಿತ್ತು. ದೊಡ್ಡವರ ದೋಷವನ್ನು ಮರೆಮಾಡುವುದರಿಂದ ಅವರಿಗೆ ಗೌರವ ಸಲ್ಲುವುದಿಲ್ಲ. ಮಾಲೀಕನ ಹಣವೂ ಗುರುವಿನ ಕೀರ್ತಿಯೂ ಪರೀಕ್ಷೆಗೆ ಅತೀತವಲ್ಲ, ಅಳತೆಯೊಂದೇ ಪ್ರಮಾಣ. ಈ ಪಾಠವನ್ನು ಹೇಳಿಕೊಟ್ಟವರೂ ಹಾಲ್ಡೇನರೇ.

ದುರಂತಗಳು ಪೂರ್ತಿಯಾಗಿ ನಿಲ್ಲಲೂ ಇಲ್ಲ. ಯಾವ ಗಣಿಯ ಮಗ್ಗುಲಲ್ಲಿ ಸಂಶೋಧನಾಲಯ ಮೊದಲು ನೆಲೆಗೊಂಡಿತೋ ಆ ಬೆಂಟ್ಲಿ ಗಣಿಯಲ್ಲಿಯೇ 1931ರ ನವೆಂಬರ್ 20ರಂದು ಸ್ಫೋಟವಾಗಿ 45 ಮಂದಿ ಬಲಿಯಾದರು. ವಿದ್ಯೆಯು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಪ್ರತಿ ಪಾಳಿಯಲ್ಲಿಯೂ ಪ್ರತಿಯೊಬ್ಬನೂ ಅದನ್ನು ಹೊಸದಾಗಿ ಆಚರಿಸಬೇಕು.

ಹಾಲ್ಡೇನರ ಕಡೆಯ ವರ್ಷಗಳೂ ಕರ್ಮಮಯವಾಗಿಯೇ ಕಳೆದುವು. 1915ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನರು ವಿಷಾನಿಲವನ್ನು ಬಿಟ್ಟಾಗ ಸರ್ಕಾರವು ಕಳುಹಿಸಿದ್ದು ಐವತ್ತೈದರ ಹತ್ತಿರದ ಇವರನ್ನೇ. ಅದು ಕ್ಲೋರಿನ್ ಎಂದು ಗುರುತಿಸಿ, ಮುಖವಾಡಗಳ ಪ್ರಯೋಗಕ್ಕಾಗಿ ಆಕ್ಸ್‌ಫರ್ಡಿನ ತಮ್ಮ ಮನೆಯಲ್ಲಿಯೇ ಆ ಅನಿಲವನ್ನು ಸೇವಿಸಿದರು. 1934ರಲ್ಲಿ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಎಪ್ಪತ್ತೈದರ ವಯಸ್ಸಿನಲ್ಲಿಯೂ ಪರ್ಷಿಯಾ ಮತ್ತು ಇರಾಕ್ ದೇಶಗಳಿಗೆ ಹೋಗಿ, ತೈಲೋದ್ಯಮದ ಕೆಲಸಗಾರರು ಬಿಸಿಲಾಘಾತದಿಂದ ಬೀಳುತ್ತಿದ್ದುದರ ಕಾರಣವನ್ನು ವಿಚಾರಿಸಿ ಬಂದರು. ಹಿಂದಿರುಗಿದ ಸ್ವಲ್ಪ ಕಾಲದಲ್ಲಿ ನ್ಯುಮೋನಿಯಾ ತಗುಲಿ 1936ರ ಮಾರ್ಚ್ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಕಾಲವಾದರು. ಜೀವಮಾನವೆಲ್ಲ ಉಸಿರಾಟದ ರಹಸ್ಯವನ್ನು ಅರಸಿದವರನ್ನು ಉಸಿರಿನ ವ್ಯಾಧಿಯೇ ಕೊಂಡೊಯ್ದಿತು.

ತಂದೆಯ ಪಾಠವನ್ನು ಗಣಿಯ ನೆಲದ ಮೇಲೆ ಬಿದ್ದು ಕಲಿತ ಮಗನು ಆ ವ್ರತವನ್ನು ಬಿಡಲಿಲ್ಲ. 1939ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗ, ಜೆ. ಬಿ. ಎಸ್. ಹಾಲ್ಡೇನರು ಮುಚ್ಚಿದ ಕೋಶದೊಳಗೆ ಕುಳಿತು ಆ ಸಾವುಗಳ ಕಾರಣವನ್ನು ತಮ್ಮ ಮೈಮೇಲೆ ಪರೀಕ್ಷಿಸಿದರು. ಅವರು 1957ರಲ್ಲಿ ನಮ್ಮ ದೇಶಕ್ಕೆ ಬಂದು, ಇಲ್ಲಿಯ ಪೌರತ್ವವನ್ನು ಪಡೆದು, ಕಲ್ಕತ್ತೆಯಲ್ಲಿಯೂ ಭುವನೇಶ್ವರದಲ್ಲಿಯೂ ತರುಣರಿಗೆ ವಿಜ್ಞಾನವನ್ನು ಬೋಧಿಸಿ, 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ದೇಹವಿಟ್ಟರು. ಹಾಲ್ಡೇನ್ ಮನೆತನದ ವಿದ್ಯೆಯ ಒಂದು ಕೊನರು ಭಾರತದ ಮಣ್ಣಿನಲ್ಲಿಯೂ ಚಿಗುರಿತೆಂಬುದು ಸಂತೋಷದ ವಿಷಯ.

ಕಾರ್ಖಾನೆಗಳೂ ಗಣಿಗಳೂ ಹೆಚ್ಚಿದಂತೆಲ್ಲ ಅಪಾಯಗಳೂ ಹೆಚ್ಚುತ್ತವೆ. ನಮ್ಮ ಶಾಲೆಗಳಿಂದ ಹೊರಟ ಮಕ್ಕಳು ನಾಳೆ ಯಂತ್ರದ ಮುಂದೆ ನಿಲ್ಲತಕ್ಕವರು, ಇತರರನ್ನು ನಿಲ್ಲಿಸತಕ್ಕವರು. ಹಾಲ್ಡೇನರ ಚರಿತ್ರೆಯು ಉಪಾಧ್ಯಾಯರಿಗೆ ಹೇಳುವುದು, ಕಲಿಸುವ ಶಾಸ್ತ್ರವನ್ನು ಅದು ಬಳಕೆಯಾಗುವ ಜಾಗದವರೆಗೂ ಹಿಂಬಾಲಿಸಿ ಹೋಗಬೇಕೆಂದು. ಉದ್ಯೋಗಸ್ಥರಾದ ಹಳೆಯ ವಿದ್ಯಾರ್ಥಿಗಳಿಗೆ ಹೇಳುವುದು, ತಮ್ಮ ಕಾರ್ಖಾನೆಯ ಬಾಗಿಲನ್ನು ವಿದ್ಯೆಗೆ ತೆರೆದಿಡಬೇಕೆಂದು. ದಾನಿಗಳಿಗೆ ಹೇಳುವುದು, ಕೊಟ್ಟ ಹಣವು ಸತ್ಯವನ್ನು ಕೊಳ್ಳಲಾರದು, ಆದರೆ ಸತ್ಯಶೋಧನೆಗೆ ಸೂರನ್ನು ಕಟ್ಟಿಸಬಲ್ಲದೆಂದು. ಈ ಮೂವರೂ ಕೂಡಿದಲ್ಲಿ, ಬೆಳಗ್ಗೆ ಕೆಲಸಕ್ಕೆ ಹೋದವನು ಸಂಜೆ ಮನೆಗೆ ಮರಳುತ್ತಾನೆ.